ಮದುವೆ ಮೊಸರಿನ ರೇಟು

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಅಮ್ಮನ ಮೊಸರಿಗೆ ಹೆಸರಿತ್ತು. ಅದನ್ನು ಕೇಳಿಕೊಂಡೇ ನಂದಿದುರ್ಗ ಚಿನ್ನದ ಗಣಿಯ ಕೂಲಿಯವರ ಲೈನ್ ಮನೆಗಳಿಂದ ಒಬ್ಬ ಮೇಸ್ತ್ರಿ ಸಂಕ್ರಾಂತಿ ಕಳೆದ ಮೇಲೆ ನಮ್ಮಲ್ಲಿಗೆ ಬಂದರು. ಬೇಸಿಗೆಯಲ್ಲಿ ಮಗಳ ಮದುವೆ, ಊಟಕ್ಕೆ ಮೊಸರು ನಿಮ್ಮದೇ ಆಗಬೇಕು ಎಂದರು. ಲೀಟರಿಗೆ ಇಷ್ಟು ಎಂದು ಮಾತಾಯಿತು. ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟುಕೊಟ್ಟರು, ಅಮ್ಮ ಸೆರಗೊಡ್ಡಿ ತೆಗೆದುಕೊಂಡಳು. ನಮ್ಮ ಕಡೆ ಅಷ್ಟಾದರೆ ಮುಗಿಯಿತು, ಬರೆಯುವುದು ಗಿರೆಯುವುದು ಏನೂ ಇಲ್ಲ.

ಬೇಸಿಗೆ ಬಂತು. ಹಸಿ ಮೇವು ಮುಗಿದು, ಇದ್ದ ಒಂದೇ ಎಮ್ಮೆಯ ಹಾಲು ಅರ್ಧಕ್ಕಿಳಿಯಿತು. ಊರಲ್ಲಿ ಕೊಳ್ಳೋಣವೆಂದರೆ ಹಾಲಿನ ಬೆಲೆ ನಾವು ಒಪ್ಪಿದ ಮೊಸರಿನ ಬೆಲೆಯನ್ನೂ ದಾಟಿತ್ತು. ಹೋಗಿ ಜಾಸ್ತಿ ಕೇಳು ಎಂದು ನಾನು ಬಡಕೊಂಡೆ. ಆಗ ನನಗೆ ಗಂಡು ನೋಡುತ್ತಿದ್ದರು, ಬಾಯಿ ಮಾತ್ರ ಊರಗಲ.

“ಎಲೆ ಅಡಿಕೆ ಇಸ್ಕೊಂಡಿದ್ದೀನಿ ಕಣೇ. ಈಗ ಯಾವ ಮಕ ಇಟ್ಕೊಂಡು ಕೇಳ್ಲಿ?” ಅಂದಳು ಅಮ್ಮ.

ಮದುವೆಗೆ ಹಾಲು ಕೊಳ್ಳುವ ದುಡ್ಡಿಗಾಗಿ ಅವಳು ಕರುವಿನ ಪಾಲನ್ನೂ ಕರೆದು ದಿನಾ ಮಾರತೊಡಗಿದಳು. ಕರು ಬಾಯಿಟ್ಟು ಎಮ್ಮೆ ಹಾಲಿಳಿಸಿದ ಕೂಡಲೇ ಅದನ್ನು ಎಳೆದು ಗೂಟಕ್ಕೆ ಕಟ್ಟುವಳು, ಒಂದಿಷ್ಟು ಗಂಜಿ ಕುಡಿಸುವಳು. ಕರುವಿನ ಪಕ್ಕೆ ಎಣಿಸುವ ಹಾಗಾಯಿತು. ಮದುವೆಯ ವಾರ ಒಂದು ಬೆಳಿಗ್ಗೆ ಅದು ಏಳಲಿಲ್ಲ. ಎಮ್ಮೆ ಅದನ್ನು ಮೂಸಿ ಮೂಸಿ ಕೂಗಿತು. ಅಮ್ಮ ಊರೆಲ್ಲ ತಿರುಗಿ, ಕೇಳಿದಷ್ಟು ಕೊಟ್ಟು ಹಾಲು ತಂದು ಹೆಪ್ಪು ಹಾಕಿದಳು.

ಬಾಯಿಗೆ ಬಟ್ಟೆ ಕಟ್ಟಿದ ತಪ್ಪಲೆಗಳನ್ನು ಇಬ್ಬರೂ ರೈಲಿಗೆ ಹತ್ತಿಸಿದೆವು. ಲೈನಿನ ಬೀದಿಯಲ್ಲೇ ಚಪ್ಪರ ಹಾಕಿದ್ದರು. ಮೇಸ್ತ್ರಿ ಅಂಗೈಗೆ ಒಂದಿಷ್ಟು ಮೊಸರು ಹಾಕಿಸಿಕೊಂಡು ನೆಕ್ಕಿ, ಚೆನ್ನಾಗಿದೆ ಎಂದು ತಲೆಯಾಡಿಸಿದರು. ಆಮೇಲೆ ರೇಟು ತೆಗೆದರು. ರಾಬರ್ಟ್‌ಸನ್‌ಪೇಟೆಯ ಹೊಸ ಅಂಗಡಿಯವನು ಇದಕ್ಕಿಂತ ಅಗ್ಗಕ್ಕೆ ಕೊಡುತ್ತಾನಂತೆ, ನಾವೂ ಆ ಲೆಕ್ಕಕ್ಕೇ ಕೊಡಬೇಕಂತೆ.

“ಆಡಿದ್ ರೇಟು ಅಲ್ವಾ ಸಾಮಿ?” ಅಂದಳು ಅಮ್ಮ.

“ಅವಾಗಿನ ಮಾತು ಅವಾಗ್ಗಾಯ್ತಮ್ಮ. ಬ್ಯಾಡಾಂದ್ರೆ ತಗೊಂಡೋಗು.”

ಆ ಸುಡುಬಿಸಿಲಿನಲ್ಲಿ ತಗೊಂಡು ಎಲ್ಲಿಗೆ ಹೋಗುವುದು? ಸಂಜೆಯೊಳಗೆ ಹುಳಿ ಬಂದು ಕಲಗಚ್ಚಿಗೆ ಸುರಿಯಬೇಕು. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಥೂ, ಎಂಥ ಜನ! ಎಲೆ ಅಡಿಕೆ ಕೊಟ್ಟವರು ಅವರೇ, ಆದರೆ ಆ ಮಾತಿಗೆ ಕಟ್ಟುಬಿದ್ದವಳು ನಮ್ಮಮ್ಮ ಒಬ್ಬಳೇ. ನಾನು ಬಾಯಿ ತೆಗೆಯುವಷ್ಟರಲ್ಲಿ ಅಮ್ಮ ತೋಳು ಚಿವುಟಿದಳು. ಕೊಟ್ಟಷ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮದುವೆ ಹುಡುಗಿಯ ತಾಯಿಗೆ ಇದೊಂದೂ ಗೊತ್ತಿಲ್ಲ. ಪಾಪ, ಉಂಡೇ ಹೋಗಬೇಕೆಂದು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಅಮ್ಮ ಸಾರನ್ನದವರೆಗೂ ತಲೆಯೆತ್ತದೆ ಉಂಡಳು. ಕೊನೆಗೆ ಮೊಸರು ಬಂತು. ಬಡಿಸುವವನಿಗೆ ನಾವು ಯಾರೋ ಏನೋ. ಗಟ್ಟಿ ಮೊಸರು, ನಾಚಿಕೊಳ್ಳದೆ ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡುತ್ತ ಸೌಟು ಬಗ್ಗಿಸಿದ.

ಅಮ್ಮ ಎರಡೂ ಕೈ ಎಲೆಗೆ ಅಡ್ಡ ಇಟ್ಟಳು.

“ಬ್ಯಾಡಪ್ಪ,” ಅಂದಳು, “ಗಂಟ್ಲಲ್ಲಿ ಇಳಿಯಲ್ಲ.”