ಕೇಳುವ ಕೋಲು

ಆ ಹಾಸ್ಟೆಲಿಗೆ ಬಂದ ಗಳಿಗೆಯಿಂದ ಕಿವಿಯಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೊರತೆಯೇನೂ ಇರಲಿಲ್ಲ. ಬಿಸಿಲಲ್ಲಿ ಒಣಗಿಸಿದ ಹಾಸಿಗೆ, ಕಿಟಕಿಯಾಚೆ ಬಳ್ಳಿ, ತನ್ನ ಪಾಡಿಗೆ ತಾನಿರುವ ಬೀದಿ. ತೊಂದರೆ ಒಂದೇ, ಅಲ್ಲಿ ಸದ್ದು ಅನ್ನುವುದೇ ಇರಲಿಲ್ಲ.

ಉಳಿದವರು ಹುಡುಕಿಕೊಂಡು ಬರುತ್ತಿದ್ದುದೇ ಅದಕ್ಕಾಗಿ. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದ್ದರು. ಬಾಗಿಲ ಚೌಕಟ್ಟಿಗೆ ಹರಿದ ಕಂಬಳಿಯ ಪಟ್ಟಿ ಅಂಟಿಸಿದ್ದರು. ಮೊಬೈಲು ಹೊಸ್ತಿಲ ಪಕ್ಕದ ಬುಟ್ಟಿಗೆ. ಮಾತಾಡಲೇಬೇಕೆಂದರೆ ಮೆಟ್ಟಿಲ ಕೆಳಗೊಂದು ಹಳೇ ಫೋನು. ತಲೆಗೊಂದು ಬಕೆಟ್ ಸ್ನಾನದ ನೀರು, ಆ ನೀರು ಹಿತ್ತಲ ಸೊಪ್ಪಿನ ಮಡಿಗೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ. ಇದನ್ನೆಲ್ಲ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆ ನಡೆದರೆ ನೆಲಕ್ಕೂ ಗೊತ್ತಾಗುತ್ತಿರಲಿಲ್ಲ.

ಕಿವಿಯಣ್ಣ ನಗರದ ನೀರು ಸರಬರಾಜಿನ ನೌಕರ. ರಸ್ತೆಯಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಕಿವಿಯಿಂದ ಹುಡುಕುವುದು ಅವನ ಕೆಲಸ. ಎದೆಯೆತ್ತರದ ಒಂದು ಕಬ್ಬಿಣದ ಕೋಲು, ಅದರ ತುದಿಗೆ ಮರದ ಬಟ್ಟಲು. ಕೋಲನ್ನು ನೆಲಕ್ಕೂರಿ, ಬಟ್ಟಲಿಗೆ ಬಲಗಿವಿ ಒತ್ತಿ, ಬಸ್ಸು ಲಾರಿಗಳ ಗದ್ದಲ ನುಗ್ಗದಂತೆ ಎಡಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಕಣ್ಣು ಮುಚ್ಚುತ್ತಿದ್ದ. ಒಂದು ನಿಮಿಷದ ಮೇಲೆ "ಇಲ್ಲಿ ಅಗೀರಿ" ಅನ್ನುತ್ತಿದ್ದ. ಅಗೆದರೆ ನೀರು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ಯಂತ್ರ ತಂದ ಹೊಸಬರು ಕೂಡ ಕೊನೆಗೆ ಅವನ ಬಾಯನ್ನೇ ನೋಡುತ್ತಿದ್ದರು.

ಆದರೆ ಹೋದ ತಿಂಗಳು ಒಂದೇ ರಸ್ತೆಯಲ್ಲಿ ಮೂರು ಕಡೆ ಅಗೆಸಿದ. ಮೂರೂ ಕಡೆ ಒಣ ಮಣ್ಣು. ರಸ್ತೆಯ ಜನ ಬಾಯಿಗೆ ಬಂದಂತೆ ಬೈದರು. ಇಂಜಿನಿಯರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ಕಿವಿ ತೋರಿಸ್ಕೊಂಡು ಬನ್ನಿ. ಚೀಟಿ ಸರಿಯಿದ್ರೆ ಕೋಲು ಹಿಡೀರಿ, ಇಲ್ದಿದ್ರೆ ಮೀಟರ್ ಓದೋ ಕೆಲಸಕ್ಕೆ ಹೋಗಿ" ಎಂದರು. ಮನೆಮನೆಯ ಗೇಟು ತಟ್ಟಿ ಮೀಟರ್ ಓದುವುದು ತಪ್ಪು ಕೆಲಸವಲ್ಲ. ಆದರೆ ಅವನ ಪಾಲಿಗೆ ಅದು ಬದುಕಿದ್ದಾಗಲೇ ಫೋಟೋಗೆ ಹಾರ ಹಾಕಿಸಿಕೊಂಡಂತೆ.

ಪರೀಕ್ಷೆಗೆ ಮುಂಚೆ ಎರಡು ದಿನ ಗದ್ದಲದಿಂದ ದೂರವಿರಬೇಕೆಂದು ಕಿವಿ ಡಾಕ್ಟರು ಬರೆದುಕೊಟ್ಟಿದ್ದರು. ಅವನ ಮನೆಯೋ, ಕಿಟಕಿಗೆ ಸರಳು ಬೆಸೆಯುವ ವರ್ಕ್‌ಶಾಪಿನ ತಲೆಯ ಮೇಲೆ. ಆಸ್ಪತ್ರೆಗೆ ಹತ್ತಿರವಾದ ಈ ಹಾಸ್ಟೆಲನ್ನು ಹುಡುಕಿ ಕೊಟ್ಟವಳು ಹೆಂಡತಿ. ಕೋಲು ಬೇಡ ಎಂದು ಅವಳು ಹೇಳಿದರೂ ಟವಲಿನಲ್ಲಿ ಸುತ್ತಿ ತಂದಿದ್ದ.

ಬಂದ ಸಂಜೆಯೇ ಅವಳಿಗೆ ಫೋನು ಮಾಡಿದ. ಬಲಗಿವಿಗೆ ಹಿಡಿದರೆ ಬರೀ ಗುಸುಗುಸು.

"ಜೋರಾಗಿ ಮಾತಾಡೇ! ಈ ಮನೇಲಿ ಫೋನು ಕೂಡ ಪಿಸುಗುಡುತ್ತೆ" ಎಂದು ರೇಗಿ ಇಟ್ಟುಬಿಟ್ಟ. ಹೆಂಡತಿಯ ಮೇಲೆ ಅವನಿಗೆ ಮೊದಲೇ ಸ್ವಲ್ಪ ಮುನಿಸಿತ್ತು. ಎರಡು ವರ್ಷದಿಂದ ಅವಳಿಗೆ ಇಲ್ಲದ ಹಟ. ಕಿಟಕಿಯ ಗಾಳಿ ಬೇಕೆಂದು ಮಂಚದ ಬಲಬದಿ ಬಿಟ್ಟು ಎಡಬದಿಗೆ ಹೋದಳು. ಊಟದ ಮೇಜಿನಲ್ಲಿ ಜಾಗ ಬದಲಿಸಿದಳು. ರಸ್ತೆಯಲ್ಲಿ ನಡೆಯುವಾಗಲೂ ಸುತ್ತಿ ಬಂದು ಆಚೆ ಪಕ್ಕ ಸೇರುತ್ತಿದ್ದಳು. ಒಂದೊಂದಕ್ಕೂ ಜಗಳವಾಗಿತ್ತು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಎದುರಿನ ಇಬ್ಬರ ತುಟಿ ಆಡುತ್ತಿದ್ದವು, ಮಾತು ಬರುತ್ತಿರಲಿಲ್ಲ. ಕಿವಿಯಣ್ಣ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಮನೆ ನಿಶ್ಶಬ್ದವೋ, ನನ್ನ ಕಿವಿಯೇ ನಿಶ್ಶಬ್ದವೋ? ಬೇಕೆಂದೇ ಚಮಚ ಬೀಳಿಸಿದ. ಕೆಳಗೆ ಚಾಪೆ ಹಾಸಿತ್ತು. ಕುರ್ಚಿ ಎಳೆದ. ಕಾಲುಚೀಲ. ಬಾಗಿಲನ್ನು ದಡಾರನೆ ಹಾಕಿದ. ಕಂಬಳಿ ಪಟ್ಟಿ ಅದನ್ನೂ ನುಂಗಿತು. ಎಲ್ಲರೂ ಇವನನ್ನೇ ನೋಡಿದರು, ಅಷ್ಟೇ.

ಕೊನೆಗೆ ಕೋಲು ತೆಗೆದುಕೊಂಡು ಹಿತ್ತಲಿಗೆ ಹೋದ. ಬೀದಿಯಿಂದ ಮನೆಯೊಳಗೆ ಬರುವ ಪೈಪು ಅವನ ಕಣ್ಣಿಗೆ ತಪ್ಪೀತೇ? ಅದರ ಮೇಲೆ ಕೋಲೂರಿ ಬಲಗಿವಿ ಇಟ್ಟ, ಎಡಗಿವಿ ಮುಚ್ಚಿದ. ಏನೂ ಇಲ್ಲ. ನಾಲ್ಕು ಹೆಜ್ಜೆ ಸರಿದು ಮತ್ತೆ ಇಟ್ಟ. ಏನೂ ಇಲ್ಲ. ಸೀದಾ ಕೋಣೆಗೆ ಹೋಗಿ ಬಟ್ಟೆಗಳನ್ನು ಬ್ಯಾಗಿಗೆ ತುರುಕಿದ.

"ಎಲ್ಲಿಗಣ್ಣಾ? ನಿಮ್ಮ ಪರೀಕ್ಷೆ ನಾಳೆ ಅಲ್ವಾ?" ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು.

"ಪರೀಕ್ಷೆ ಆಗೋಯ್ತು. ನಿಮ್ಮ ಹಿತ್ತಲ ಪೈಪಿಗೆ ಕಿವಿ ಇಟ್ಟೆ. ಒಂದು ಹನಿ ಸದ್ದಿಲ್ಲ. ಮುಗೀತು ನನ್ನ ಕತೆ."

ಅಕ್ಕ ಕಣ್ಣರಳಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಯಾರಾದರೂ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲಿರಬೇಕು. "ಆ ಪೈಪಲ್ಲಿ ನೀರೇ ಇಲ್ಲ ಅಣ್ಣಾ! ಬೀದಿ ನೀರು ಬಿಟ್ಟು ಆರು ವರ್ಷ ಆಯ್ತು. ನಮಗೆ ಮಳೆ ನೀರೇ ಸಾಕು. ಅಗೋ, ಮಾಳಿಗೆ ಮೇಲೆ ತೊಟ್ಟಿ."

ನೀರಿನ ಇಲಾಖೆಯಲ್ಲಿ ಕೂದಲು ನರೆತವನು ನೆಲ ಬಿಟ್ಟು ಮೇಲೆ ನೋಡಿರಲಿಲ್ಲ! ಕಿವಿಯಣ್ಣ ಹಣೆ ಚಚ್ಚಿಕೊಂಡು, ಕೋಲು ಎತ್ತಿಕೊಂಡು ಬೀದಿಗೆ ಓಡಿದ. ಈ ಭಾಗಕ್ಕೆ ಹತ್ತೂವರೆಗೆ ನೀರು ಬಿಡುತ್ತಾರೆಂಬುದು ಅವನಿಗೆ ಬಾಯಿಪಾಠ. ಗಂಟೆ ಹನ್ನೊಂದಾಗಿತ್ತು. ವಾಲ್ವಿನ ಮುಚ್ಚಳದ ಮೇಲೆ ಕೋಲೂರಿ ಬಲಗಿವಿ ಒತ್ತಿದ.

ಕಿವಿಗೆ ಹತ್ತಿ ತುರುಕಿದ ಹಾಗೆ. ಅಷ್ಟೇ.

ಹಿಂದೆಯೇ ಬಂದಿದ್ದ ಅಕ್ಕ, "ನಾನೂ ಕೇಳ್ಲಾ?" ಎಂದಳು. ಅವನು ಸರಿದ. ಬುಟ್ಟಿ ಬಲಗಂಕುಳಲ್ಲಿದ್ದುದರಿಂದ ಅವಳು ಬಾಗಿ ಎಡಗಿವಿ ಇಟ್ಟಳು. "ಅಬ್ಬಾ! ಹೊಳೆ ಓಡಿದ ಹಾಗಿದೆ!"

ಹಾಗಾದರೆ ನೀರಿದೆ. ಇಲ್ಲದ್ದು ತನ್ನ ಕಿವಿಯೇ. ಮುಖ ತಿರುಗಿಸಿ ಹೊರಟವನನ್ನು ಅಕ್ಕ ತಡೆದಳು. "ನಿಲ್ಲಿ, ನೀವು ಬಲಗಿವಿ ಯಾಕೆ ಇಟ್ರಿ? ಈ ಎಡಗಿವಿಯಿಂದ ಕೇಳಿ ನೋಡಿ."

"ಆ ಕಿವಿ ಇಟ್ಟು ಅಭ್ಯಾಸ ಇಲ್ಲಮ್ಮ. ಅದನ್ನ ನಾನು ಮುಚ್ಕೊಳ್ಳೋದು."

"ಮುಚ್ಕೊಳ್ಳೋದಾ? ಇಷ್ಟು ವರ್ಷದಿಂದಾನಾ?"

ಅವಳ ಬಾಯಿ ಮುಚ್ಚಿಸಲಿಕ್ಕಾದರೂ ಆಗಲಿ ಎಂದು ಎಡಗಿವಿ ಇಟ್ಟ. ನೀರು ಭರ್ರನೆ ಒಳಗೆ ನುಗ್ಗಿತು. ದೊಡ್ಡ ಪೈಪಿನ ಓಟ, ಅದರ ಬೆನ್ನಿಗೆ ಯಾವುದೋ ಮನೆಯ ತೊಟ್ಟಿ ತುಂಬುವ ಸದ್ದು, ಇನ್ನೂ ಆಚೆ, ಮೂರನೇ ಮನೆಯ ಎದುರು, ಸಣ್ಣಗೆ ಸುಯ್ ಎನ್ನುವ ಒಂದು ಎಳೆ. ಸೋರಿಕೆ! ಅವನ ಕಣ್ಣು ತುಂಬಿತು. ಅಕ್ಕನೆದುರು ಅಳುವುದಕ್ಕೆ ನಾಚಿಕೆಯೂ ಆಗಲಿಲ್ಲ.

ಅಲ್ಲೇ ನಿಂತು ಬಲಗಿವಿಯ ಬಳಿ ಚಿಟಿಕೆ ಹೊಡೆದ, ಎಡಗಿವಿಯ ಬಳಿ ಹೊಡೆದ. ಎಡ. ಮಂಚದ ಎಡಬದಿ. ಊಟದ ಮೇಜಿನ ಎಡಬದಿ. ರಸ್ತೆಯಲ್ಲಿ ಸುತ್ತಿ ಬಂದು ಸೇರುತ್ತಿದ್ದ ಪಕ್ಕ. ಕೋಲನ್ನು ಅಕ್ಕನ ಕೈಗೆ ಕೊಟ್ಟು ಮೆಟ್ಟಿಲ ಕೆಳಗಿನ ಫೋನಿಗೆ ನಡೆದ.

ಈ ಸಲ ಎಡಗಿವಿಗೆ ಹಿಡಿದ. ವರ್ಕ್‌ಶಾಪಿನ ಸದ್ದಿನ ನಡುವೆಯೂ ಹೆಂಡತಿಯ ಉಸಿರು ಕೂಡ ಕೇಳುತ್ತಿತ್ತು.

"ನನ್ನ ಬಲಗಿವಿ ಹೋಗಿದೆ ಕಣೇ. ಎಡಗಿವಿ ಚೆನ್ನಾಗಿದೆ. ನಾಳೆ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಈ ಕಿವೀಲಿ ಕೆಲಸ ಮಾಡಕ್ಕೆ ಬಿಡ್ತಾರೆ, ಬಿಡ್ಲೇಬೇಕು."

"ಬಿಡ್ತಾರೆ" ಎಂದಳು ಅವಳು. ದನಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಕಣ್ರೀ, ಎರಡು ವರ್ಷದ ಹಿಂದೆ. ಅವತ್ತು ನಾನಿನ್ನೂ ನಿಮ್ಮ ಬಲಗಡೆ ಮಲಗ್ತಿದ್ದೆ."