ಬೇರಿನ ಗಂಟು ಕಾಯುವ ಇಲಾರಿಯಾ

ಬೆಳಕು ಹರಿಯುವ ಹೊತ್ತು. ಹಳೆಯ ಲಂಬ್ರಾಸ್ ಮರದ ಬುಡದಲ್ಲಿ ಇಲಾರಿಯಾ ಚೋಕೆ ಮಂಡಿಯೂರಿ ಕೂತಿದ್ದಾರೆ. ಮೂರು ಕೋಕಾ ಎಲೆ ನೆಲಕ್ಕಿಟ್ಟು, "ನಾಲ್ಕೇ ಬೊಗಸೆ ತಾಯಿ, ಜಾಸ್ತಿ ಕೇಳಲ್ಲ" ಎಂದು ಭೂಮಿತಾಯಿ ಪಚಮಾಮಾಳ ಅಪ್ಪಣೆ ಪಡೆಯುತ್ತಾರೆ. ನಾಲ್ಕು ಬೊಗಸೆ ಎಂದವರು ಬುಟ್ಟಿ ತುಂಬಾ ಮಣ್ಣು ಹೊತ್ತು ಏಳುತ್ತಾರೆ. ಕೇಳಿದರೆ, "ಭೂಮಿತಾಯಿಗೆ ನನ್ ಕೈ ಅಳತೆ ಗೊತ್ತು ಬಿಡಪ್ಪ" ಎಂದು ನಗುತ್ತಾರೆ.

ಅರವತ್ತೊಂದರ ಇಲಾರಿಯಾ ನಮ್ಮೂರ ಸಸಿತೋಟ ನೋಡಿಕೊಳ್ಳುವವರು. ಊರ ಮೇಲಿನ ಬೋಳು ಗುಡ್ಡ ಪ್ರತಿ ಮಳೆಗಾಲ ಜಾರಿ ನಮ್ಮ ಆಲೂಗೆಡ್ಡೆ ಹೊಲಗಳ ಮೇಲೆ ಕೂರುತ್ತದೆ. ಅದನ್ನು ಹಿಡಿದು ನಿಲ್ಲಿಸಲೆಂದು ಎರಡು ಸಲ ನೆಟ್ಟ ಲಂಬ್ರಾಸ್ ಸಸಿಗಳು ಹಳದಿಯಾಗಿ ಸತ್ತವು. ಈ ಸಲವೂ ಕೈಕೊಟ್ಟರೆ ಗುಡ್ಡಕ್ಕೆ ನೀಲಗಿರಿ ಎಂದು ಊರಸಭೆ ತೀರ್ಮಾನಿಸಿದೆ. ನೀರು ಹೀರುವ ಮರ ಬೇಡವೆಂದು ಕೂಗಿದವರು ಇಲಾರಿಯಾ ಒಬ್ಬರೇ. ನೀಲಗಿರಿಗೆ ಕೈಯೆತ್ತಿದವರಲ್ಲಿ ನಾನೂ ಇದ್ದೆ, ಈಗ ನಾಚಿಕೆಯಾಗುತ್ತದೆ.

ಸಸಿಗಳನ್ನು ಕೊಂದದ್ದು ತಾನೇ ಎಂದು ಇಲಾರಿಯಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆಲೂಗೆಡ್ಡೆ ಬೆಳೆಯುವ ನಮಗೆ ಬೇರಿನಲ್ಲಿ ಮಣಿಮಣಿ ಗಂಟು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದು ಜಪಮಾಲೆ ರೋಗ, ಬೆಳೆ ನುಂಗುವ ಹುಳುವಿನ ಕೆಲಸ. ಲಂಬ್ರಾಸ್ ಬೇರಿನಲ್ಲೂ ಗಂಟು ಕಂಡವು. "ಒಂದೊಂದೂ ಚಿವುಟಿದೆ ಕಣಪ್ಪ. ಬೇರು ತೊಳ್ದು, ಮಣ್ಣು ಹುರಿದು ಹಾಕ್ದೆ. ಸಾಯ್ದೆ ಇನ್ನೇನ್ ಮಾಡ್ತವೆ?"

ಚಿವುಟಿ ಎಸೆದ ಗಂಟುಗಳ ಗುಂಡಿಯಲ್ಲಿ ತಾನಾಗಿ ಹುಟ್ಟಿದ ಒಂದು ಲಂಬ್ರಾಸ್ ಸಸಿ ಮಾತ್ರ ಕಡುಹಸಿರಾಗಿ ಎದ್ದಿತ್ತು. ಅದನ್ನು ಕಂಡು ಅವರ ಕಣ್ಣು ತೆರೆಯಿತು. ಆ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿ, ಗಾಳಿಯಿಂದ ಸಾರ ಹಿಡಿದು ಮರಕ್ಕೆ ಉಣಿಸುತ್ತವೆ. ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಶಾಲೆಯ ಮೇಷ್ಟ್ರು ಇದನ್ನು ಬಿಡಿಸಿ ಹೇಳಿದಾಗ ಇಲಾರಿಯಾ ಅಂದದ್ದು ಇಷ್ಟು: "ಮನೇಲಿಟ್ಕೊಂಡ್ರೆ ಊಟ ಹಾಕೋ ಬಾಡಿಗೆದಾರ! ನನ್ ಗಂಡನೂ ಹಂಗಿರ್ಲಿಲ್ಲ."

ಅಂದಿನಿಂದ ಸಸಿ ಬೆಳೆಸಲು ದಿನಕ್ಕೆ ಇನ್ನೂರು ಚೀಲ ತುಂಬುತ್ತಾರೆ. ಪ್ರತಿ ಚೀಲಕ್ಕೂ ಆ ಜೀವಿಗಳಿರುವ, ಹಳೆಯ ಮರದ ಬುಡದ ಮಣ್ಣು ಒಂದು ಹಿಡಿ. ಸೊಂಟ ಹಿಡಿದುಕೊಂಡರೆ ಹುರಿದ ಮೆಕ್ಕೆಜೋಳ ಬಾಯಿಗೆಸೆದುಕೊಂಡು ಮತ್ತೆ ಕೂರುತ್ತಾರೆ. ಮೊದಮೊದಲು ತುಂಬಿದ ಚೀಲಗಳಲ್ಲಿ ಬೇರೂರಿದ ಎರಡು ಸಾವಿರದ ಆರುನೂರು ಸಸಿಗಳು ಈಗ ನೆಡಲು ಸಿದ್ಧವಾಗಿವೆ.

ಇಂದು ಊರೆಲ್ಲ ಸೇರಿ ನೆಡುವ ದಿನ. ಸಭೆಯ ಮುಖ್ಯಸ್ಥ ತಿಯೊದೋಸಿಯೊ ಗುದ್ದಲಿ ಊರಿ ನಿಂತು, "ದೋನ್ಯಾ ಇಲಾರಿಯಾ, ಮೊದ್ಲು ಬೇರು ತೋರ್ಸಿ. ಹೆಣ ಹೂಳೋಕೆ ನಾವು ಗುಡ್ಡ ಹತ್ತಲ್ಲ" ಎಂದು ಕೆಣಕುತ್ತಾರೆ.

"ನೀವೇ ಆರಿಸ್ಕೊಳ್ಳಿ."

ಮೂಲೆಯ ಅತಿ ಸಣಕಲು ಸಸಿಯನ್ನೇ ಹುಡುಕಿ ತಿಯೊದೋಸಿಯೊ ಚೀಲ ಹರಿಯುತ್ತಾರೆ. ಎಲ್ಲರೂ ಬಗ್ಗಿ ನೋಡುತ್ತೇವೆ. ಬೇರಿನ ತುಂಬಾ ಕಿತ್ತಳೆ ಬಣ್ಣದ ಗಂಟುಗಳು! ತಿಯೊದೋಸಿಯೊ ಅಭ್ಯಾಸಬಲದಿಂದ ಒಂದನ್ನು ಚಿವುಟಲು ಉಗುರು ಚಾಚುತ್ತಾರೆ. ಇಲಾರಿಯಾ ಫಟ್ಟನೆ ಅವರ ಕೈಗೆ ಹೊಡೆಯುತ್ತಾರೆ. ಊರಿಗೆ ಊರೇ ನಗುತ್ತದೆ. ತಿಯೊದೋಸಿಯೊ ಆ ಸಸಿಯನ್ನು ತಮ್ಮ ಟೋಪಿಯಲ್ಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಗುಡ್ಡ ಹತ್ತುತ್ತಾರೆ.

ಸಂಜೆ ಕೈತೊಳೆಯುತ್ತಿದ್ದ ಇಲಾರಿಯಾರನ್ನು ಇನ್ನೇನು ಆಸೆಯೆಂದು ಕೇಳುತ್ತೇನೆ.

"ಜೋರು ಮಳೆ ಬರೋ ಒಂದ್ ರಾತ್ರಿ, ಗುಡ್ಡದ ಕಡೆ ಕಿವಿ ಕೊಡ್ದೆ ನಿದ್ದೆ ಮಾಡ್ಬೇಕು ಕಣಪ್ಪ. ಅಷ್ಟೇ."