ಮಲ್ಲಣ್ಣನ ಡಿಸ್ಕ್ ಕೆಟ್ಟಿರಲಿಲ್ಲ

ಮಲ್ಲಣ್ಣಾ, ಆ ಭಾನುವಾರ ನಿಮ್ಮ ಹಾರ್ಡ್ ಡಿಸ್ಕ್ ತಾನಾಗಿ ಕೆಡಲಿಲ್ಲ. ಅದರಲ್ಲಿದ್ದ ನಿಮ್ಮ ಪುಸ್ತಕವನ್ನು ಅಳಿಸಿದವಳು ನಾನು. ಮೊದಲು ಕೈತಪ್ಪಿ ಅಳಿಸಿದೆ, ಆಮೇಲೆ — ಇದನ್ನು ಬರೆಯಲು ಏಳು ವರ್ಷ ಬೇಕಾಯಿತು — ಆಮೇಲೆ ಬೇಕೆಂದೇ ಅಳಿಸಿದೆ.

ನಿಮ್ಮೊಬ್ಬರಿಗೇ ಬರೆದು ಕಳಿಸಬಹುದಿತ್ತು. ಆದರೆ ಸುಳ್ಳು ಹೇಳಿದ್ದು ಎಲ್ಲರೆದುರಿಗೆ. ನಮ್ಮ ಲಿನಕ್ಸ್ ಫೋರಂನ ಇದೇ ಚರ್ಚೆಯ ಥ್ರೆಡ್ಡನ್ನು 'ಮಲ್ಲಣ್ಣನ ಡಿಸ್ಕ್ ಕೆಟ್ಟುಹೋಯಿತು' ಎಂದು ಶುರು ಮಾಡಿದವಳು ನಾನೇ. ಅದಕ್ಕೆ ನಿಜವನ್ನೂ ಅದರ ಕೆಳಗೇ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದವರಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗಾಗಿ ನಿಮಗೆ ಗೊತ್ತಿರುವ ಸಂಗತಿಯನ್ನೂ ಹೇಳಬೇಕಾಗುತ್ತದೆ. ಸಹಿಸಿಕೊಳ್ಳಿ.

ನಾನು ಜಕ್ಕೂರಿನವಳು. ಆಗ ಯಲಹಂಕದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಒಂದು ದಿನ ಮಾಲೀಕರು ಯಾರ ಮಾತನ್ನೋ ಕೇಳಿ ಎರಡೂ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ತಾವು ಧರ್ಮಸ್ಥಳಕ್ಕೆ ಹೊರಟುಹೋದರು. ಮಾರನೇ ದಿನ ಪ್ರಿಂಟ್ ತೆಗೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ — ಮದುವೆ ಗಂಡಿನ ಹೆಸರು ಕೈಕಾಲು ಮುರಿದುಕೊಂಡು ಬಿದ್ದಿತ್ತು. ಗಂಡಿನ ಕಡೆಯವರು ಸಂಜೆಗೆ ಬರುವವರಿದ್ದರು. ಅಳು ಬರುವುದೊಂದು ಬಾಕಿ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ ಈ ಫೋರಂನಲ್ಲಿ ಕೇಳಿದೆ. ಒಬ್ಬ ಮಹಾನುಭಾವ, 'ಮೊದಲು ಹೋಗಿ ಓದಿಕೊಂಡು ಬನ್ನಿ ಮೇಡಂ' ಅಂದ. ಅದರ ಕೆಳಗೆ ನಿಮ್ಮ ಉತ್ತರ ಬಂತು.

'ಹೆದರಬ್ಯಾಡ ತಂಗಿ. ಆ ಕರೇ ಕಿಟಕಿ ತಗಿ. ನಾ ಹೇಳಿದಷ್ಟ ಬರಿ, ಏನ್ ಬಂತು ಅಂತ ನನಗ ಹೇಳು.'

ಕರೇ ಕಿಟಕಿ ಅಂದರೆ ಕಂಪ್ಯೂಟರಿಗೆ ಆಜ್ಞೆಯನ್ನು ಅಕ್ಷರದಲ್ಲೇ ಬರೆದು ಕೊಡುವ ಕಪ್ಪು ಪರದೆ. ಹದಿನೇಳು ಸಲ ಕೇಳಿದೆ, ಹದಿನೇಳು ಸಲವೂ ಉತ್ತರ ಕೊಟ್ಟಿರಿ. ಗದಗದ ಕಡೆಯಿಂದ ಬಂದು ಅಟ್ಟೂರಿನಲ್ಲಿ ಮನೆ ಮಾಡಿಕೊಂಡು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವರು ನೀವೆಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಸಂಜೆಯೊಳಗೆ ಗಂಡಿನ ಹೆಸರು ನೆಟ್ಟಗೆ ನಿಂತಿತು. ಅವತ್ತಿನಿಂದ ನಾನು ಕಲಿತದ್ದೆಲ್ಲ ನಿಮ್ಮಿಂದ. ಇವತ್ತು ಅಮೃತಹಳ್ಳಿಯಿಂದ ಯಲಹಂಕದವರೆಗೆ ನಾಲ್ಕು ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಆ ಅನ್ನ ನೀವು ಇಕ್ಕಿದ್ದು. ಇದನ್ನು ಉಬ್ಬಿಸಿ ಹೇಳುತ್ತಿಲ್ಲ. ಅಂಗಡಿ ಮುಚ್ಚಿದ ವರ್ಷ ನನ್ನ ಕೈಯಲ್ಲಿ ಬೇರೆ ವಿದ್ಯೆ ಇರಲಿಲ್ಲ.

ಆ ಹೊತ್ತಿಗೆ ನೀವು ಒಂದು ಕೈಪಿಡಿ ಬರೆಯುತ್ತಿದ್ದಿರಿ. ನಿಮ್ಮ ಕಾರ್ಖಾನೆಯವರಂಥ, ಇಂಗ್ಲಿಷ್ ಓದಲು ತಡವರಿಸುವವರು ತಾವೇ ಲಿನಕ್ಸ್ ಹಾಕಿಕೊಂಡು ಬಳಸುವಂತೆ, ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ. ಪಾಳಿ ಮುಗಿಸಿ ಬಂದು ಎರಡು ವರ್ಷ ಬರೆದಿರಿ. ಹದಿನಾಲ್ಕು ಅಧ್ಯಾಯದಲ್ಲಿ ಮೂರನ್ನಷ್ಟೇ ಫೋರಂಗೆ ಹಾಕಿದ್ದಿರಿ. ಮಿಕ್ಕದ್ದು ತಿದ್ದಿ ಹಾಕುತ್ತೇನೆ ಅನ್ನುತ್ತಿದ್ದಿರಿ. 'ಇನ್ನೊಂದು ಕಾಪಿ ಇಟ್ಕೊಳ್ಳಿ' ಎಂದು ಊರಿಗೆಲ್ಲ ಹೇಳುತ್ತಿದ್ದ ನೀವು ನಿಮ್ಮದಕ್ಕೇ ಕಾಪಿ ಇಟ್ಟಿರಲಿಲ್ಲ. ದೀಪದ ಬುಡ ಕತ್ತಲೆ.

ಆ ಭಾನುವಾರ ಯಲಹಂಕದ ಶಾಲೆಯೊಂದರ ಹಾಲಿನಲ್ಲಿ ಫೋರಂನವರೆಲ್ಲ ಸೇರಿದ್ದೆವು. ಜನ ತಮ್ಮ ಕಂಪ್ಯೂಟರ್ ಹೊತ್ತು ತರುವುದು, ನಾವು ಲಿನಕ್ಸ್ ಹಾಕಿಕೊಡುವುದು. ಹಾಕಿಕೊಡುವವರ ಸಾಲಿನಲ್ಲಿ ಹೆಂಗಸು ನಾನೊಬ್ಬಳೇ, ಹಾಗಾಗಿ ಸ್ವಲ್ಪ ಜಂಬ — ಸ್ವಲ್ಪವೇನು, ಬೇಕಾದಷ್ಟಿತ್ತು. ನೀವು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಮ್ಮ ಸಿಪಿಯು ಇಟ್ಟುಕೊಂಡು ಬಂದಿರಿ. ಅದರೊಳಗೆ ಎರಡು ಡಿಸ್ಕ್: ಲಿನಕ್ಸ್ ಇದ್ದ ನಲವತ್ತು ಜಿಬಿಯದು ಚಿಕ್ಕದು, ನಿಮ್ಮ ಬರಹವಿದ್ದ ಎಂಬತ್ತು ಜಿಬಿಯದು ದೊಡ್ಡದು. 'ಸಣ್ಣದರಾಗ ಹೊಸಾದು ಹಾಕಿಬಿಡವ್ವಾ' ಎಂದು ಹೇಳಿ, ಬಂದವರಿಗೆ ಚಿತ್ರಾನ್ನ ಬಡಿಸಲು ಹೋದಿರಿ.

ನನ್ನ ಸುತ್ತ ನಾಲ್ಕೈದು ಜನ ನಿಂತಿದ್ದರು. ನಾನು ಪಾಠ ಹೇಳುತ್ತಾ ಹೇಳುತ್ತಾ, ಪರದೆಯಲ್ಲಿ ಮೊದಲು ಕಂಡ ಡಿಸ್ಕನ್ನೇ ಚಿಕ್ಕದೆಂದು ತಿಳಿದು, ಪೂರ್ತಿ ಅಳಿಸು ಎಂಬುದನ್ನು ಒತ್ತಿದೆ. ಅದರ ಪಕ್ಕದಲ್ಲೇ ಅಳತೆ ಬರೆದಿರುತ್ತದೆ. ಓದಲಿಲ್ಲ. ಸುತ್ತ ನಿಂತವರು ಬೇರೆ ಮೇಜಿಗೆ ಸರಿದ ಮೇಲೆ ನೋಡುತ್ತೇನೆ — ಎಂಬತ್ತು.

ಇಲ್ಲಿಯವರೆಗಿನದು ಕೈತಪ್ಪು. ಅದಕ್ಕೆ ಕ್ಷಮೆ ಇದ್ದೀತು. ಯಾಕೆಂದರೆ ಇಂಥದ್ದೇ ಎಡವಟ್ಟು ಮಾಡಿಕೊಂಡ ಇನ್ನೊಬ್ಬರಿಗೆ ನೀವು ಇದೇ ಫೋರಂನಲ್ಲಿ ಬರೆದದ್ದನ್ನು ನಾನು ಓದಿದ್ದೆ: ತಕ್ಷಣ ನಿಲ್ಲಿಸಿ, ಆ ಡಿಸ್ಕಿನ ಮೇಲೆ ಇನ್ನೇನೂ ಬರೆಯಬೇಡಿ, ಹಳೆಯದು ಬಹುಪಾಲು ವಾಪಸ್ ಸಿಗುತ್ತದೆ. ನಿಲ್ಲಿಸಿದೆ. ಎದ್ದು ನಿಮ್ಮನ್ನು ಕರೆಯಬೇಕಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಬಡಿಸುತ್ತಿದ್ದಿರಿ.

ಕರೆಯಲಿಲ್ಲ. ನೀವು ಹುಡುಕಿದರೆ ಹಳೆಯದರ ಜೊತೆ ನನ್ನ ತಪ್ಪಿನ ಗುರುತೂ ಸಿಗುತ್ತದೆ, ಆ ಸಾಲಿನಲ್ಲಿ ಕೂತವರೆಲ್ಲ ಟೈಪಿಂಗ್ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಅಂದಾರು ಎಂದು ಹೆದರಿ ಕರೇ ಕಿಟಕಿ ತೆಗೆದೆ. ಹಳೆಯದೇನೂ ವಾಪಸ್ ಸಿಗದಂತೆ ಡಿಸ್ಕಿನ ಮೊದಲಿನಿಂದ ಕೊನೆಯವರೆಗೂ ಸೊನ್ನೆ ತುಂಬುವ ಒಂದು ಸಾಲು ಬರೆದು ಒತ್ತಿದೆ. ಆ ಕಿಟಕಿಯಲ್ಲಿ ಬರೆಯಲು ಕಲಿಸಿದವರು ನೀವು.

ಅದು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಯಾವ ಗಳಿಗೆಯಲ್ಲಾದರೂ ನಿಲ್ಲಿಸಿದ್ದರೆ ಕೆಲವು ಅಧ್ಯಾಯವಾದರೂ ಉಳಿಯುತ್ತಿತ್ತು. ನೀವೇ ಒಂದು ತಟ್ಟೆ ಚಿತ್ರಾನ್ನ ತಂದು ಪಕ್ಕದಲ್ಲಿಟ್ಟು ಹೋದಿರಿ. ನಿಮ್ಮ ಪುಸ್ತಕ ಅಳಿಯುತ್ತಿರುವಾಗ ನಾನು ಅದನ್ನು ತಿಂದೆ. ಪೂರ್ತಿ ತಿಂದೆ.

ಆಮೇಲೆ ನಿಮ್ಮನ್ನು ಕರೆದು ಹೇಳಿದೆ: 'ಅಣ್ಣಾ, ನಿಮ್ ದೊಡ್ಡ ಡಿಸ್ಕ್ ಹೋಗ್ಬಿಟ್ಟಿದೆ. ಆನ್ ಮಾಡಿದಾಗ್ಲೇ ಏನೋ ಸೌಂಡ್ ಬರ್ತಿತ್ತು. ಅವಾಗಿಂದ ಟ್ರೈ ಮಾಡ್ತಾನೇ ಇದೀನಿ, ಏನೂ ಸಿಕ್ತಿಲ್ಲ.'

ನೀವು ಸೌಟು ಹಿಡಿದೇ ನಿಂತಿದ್ದಿರಿ. 'ಬರದಿದ್ದೆಲ್ಲಾ ಅದರಾಗs ಇತ್ತಲ್ಲವ್ವಾ' ಅಂದಿರಿ. ಸೌಟು ಮೇಜಿನ ಮೇಲಿಟ್ಟು, 'ಇರ್ಲಿ ಬಿಡು. ನೀ ಏನ್ ಮಾಡ್ತಿ ಅದಕ್ಕ. ಊಟಾ ಮಾಡಿದಿಲ್ಲೋ?' ಎಂದು ಕೇಳಿದಿರಿ. ತಟ್ಟೆಯನ್ನು ಆಗಲೇ ತೊಳೆದಿಟ್ಟಿದ್ದ ನಾನು ಇಲ್ಲವೆಂದು ತಲೆಯಾಡಿಸಿದೆ.

ಅವತ್ತೇ ಸಂಜೆ ನಾನು ಈ ಥ್ರೆಡ್ ಶುರು ಮಾಡಿದೆ. ಎಷ್ಟು ಜನ ಮರುಗಿದರು! ನನ್ನನ್ನೂ ಹೊಗಳಿದರು, ಬಹಳ ಪ್ರಯತ್ನ ಪಟ್ಟೆನೆಂದು. ನೀವು ಮತ್ತೆ ಮೊದಲಿನಿಂದ ಬರೆಯಲು ಕೂತಿರಿ. ಒಂದೂವರೆ ವರ್ಷ. ಪುಸ್ತಕ ಪೂರ್ತಿ ಫೋರಂಗೆ ಬಂದ ದಿನ ಮೊದಲ ಪುಟ ತೆರೆದೆ. ಅಲ್ಲಿ ನಿಮ್ಮ ಕೃತಜ್ಞತೆಯ ಸಾಲು: 'ಕೆಟ್ಟ ಡಿಸ್ಕಿನ ಮುಂದೆ ಊಟ ಬಿಟ್ಟು ಕೂತ ತಂಗಿ ಶಶಿಕಲಾಗೆ.' ಓದಿ ಕಂಪ್ಯೂಟರ್ ಆರಿಸಿಬಿಟ್ಟೆ.

ಆಗಲೂ ಹೇಳಲಿಲ್ಲ. ಕಳೆದ ಆಯುಧಪೂಜೆಯ ದಿನ ಅಟ್ಟೂರಿನ ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿಮ್ಮ ಮನೆಯವರು, ಅಕ್ಕ, ಮಂಡಕ್ಕಿಯ ಗಿರ್ಮಿಟ್ ಮಾಡಿದ್ದರು. ನೀವು ಕಾರ್ಖಾನೆಯ ಅಭ್ಯಾಸದಂತೆ ಸಿಪಿಯು ಮುಚ್ಚಳ ತೆಗೆದು, ಧೂಳು ಒರೆಸಿ, ಒಳಗಿನ ಡಿಸ್ಕಿಗೂ ವಿಭೂತಿ ಹಚ್ಚಿ ಹೂವಿಟ್ಟಿದ್ದಿರಿ. ವಿಭೂತಿಯ ಕೆಳಗೆ ನಿಮ್ಮದೇ ಅಕ್ಷರದ ಹಳೆಯ ಚೀಟಿ ಅಂಟಿಕೊಂಡಿತ್ತು — 'ಪುಸ್ತಕ'.

'ಅಣ್ಣಾ, ಇದು ಅದೇ ಡಿಸ್ಕ್ ಅಲ್ವಾ?' ಎಂದೆ.

'ಹೂಂ, ಅದs. ಎರಡನೇ ಸಲಾನೂ ಇದರಾಗs ಬರದೆ. ಗಟ್ಟಿ ಐತಿ' ಅಂದಿರಿ. ನನ್ನ ಮುಖ ನೋಡಲಿಲ್ಲ. ಮುಚ್ಚಳ ಹಾಕಿ ಒಂದೊಂದೇ ಸ್ಕ್ರೂ ಬಿಗಿದಿರಿ. 'ತಂಗಿಗೆ ಇನ್ನೊಂದಿಷ್ಟು ಗಿರ್ಮಿಟ್ ಹಾಕು' ಎಂದು ಒಳಗೆ ಕೂಗಿದಿರಿ.

ಮೂವತ್ತು ವರ್ಷ ಯಂತ್ರದ ಸದ್ದು ಕೇಳಿದ ಕಿವಿ ನಿಮ್ಮದು. ಇಲ್ಲದ ಸದ್ದು ಬರುತ್ತಿತ್ತು ಎಂದು ನಿಮಗೆ ಹೇಳಿದ್ದೆನಲ್ಲ ನಾನು! ಡಿಸ್ಕ್ ಮನೆಗೆ ಒಯ್ದು, ಅದು ಸರಿಯಾಗಿಯೇ ಇದ್ದು ತುಂಬ ಬರೀ ಸೊನ್ನೆ ಇರುವುದು ಕಂಡ ದಿನವೇ ನಿಮಗೆ ಗೊತ್ತಾಗಿರಬೇಕು. ಗೊತ್ತಿದ್ದೇ ಆ ಕೃತಜ್ಞತೆಯ ಸಾಲು ಬರೆದಿರಿ. ಗೊತ್ತಿದ್ದೇ ಆಮೇಲೂ ನಾನು ಕೇಳಿದ ಪ್ರಶ್ನೆಗೆಲ್ಲ ಮೊದಲಿನಂತೆಯೇ 'ಹೆದರಬ್ಯಾಡ ತಂಗಿ' ಎಂದು ಉತ್ತರಿಸಿದಿರಿ. ನನ್ನನ್ನು ಈ ಫೋರಂನಿಂದ ಓಡಿಸಲು ನಿಮ್ಮ ಒಂದು ಮಾತು ಸಾಕಿತ್ತು. ಆಡಲಿಲ್ಲ. ಆಡಿದ್ದರೆ ನಾನು ಮತ್ತೆ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ, ಮಲ್ಲಣ್ಣಾ. ಅದೂ ನಿಮಗೆ ಗೊತ್ತಿತ್ತು ಅನಿಸುತ್ತದೆ. ಈ ಋಣವನ್ನು ಹೇಗೆ ಹೇಳಲಿ — ಹೇಳಲು ಬರುವುದಿಲ್ಲ ನನಗೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಯಾವತ್ತೋ ಕ್ಷಮಿಸಿ ಮುಗಿಸಿದ್ದೀರಿ. ಮತ್ತೆ ಕೇಳಿದರೆ ಅದೂ ಒಂದು ನಾಟಕವಾದೀತು. ಈ ಭಾನುವಾರ ಅಟ್ಟೂರಿಗೆ ಬಂದು ಇದನ್ನೇ ನಿಮ್ಮೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಅಷ್ಟರೊಳಗೆ ನೀವು ಒಂದು ಕೆಲಸ ಮಾಡಬೇಕು. ನಮ್ಮ ಫೋರಂನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವಂತಿಲ್ಲ, ಇಲ್ಲದಿದ್ದರೆ ನಾನೇ ತಿದ್ದುತ್ತಿದ್ದೆ.

ಪುಸ್ತಕದ ಮೊದಲ ಪುಟದ ಆ ಸಾಲು ತೆಗೆದುಬಿಡಿ ಅಣ್ಣಾ. ನಾನು ಊಟ ಬಿಟ್ಟಿರಲಿಲ್ಲ.